ಅಂಗಡಿಯ ಮಂಡಕ್ಕಿ

ಸಾರಮ್ಮ ಆಯುಧಪೂಜೆಯ ಪ್ರಸಾದ ತಿಂದಳು, ಆಮೇಲೆ ಪ್ರಾರ್ಥನಾ ಮಂದಿರದಲ್ಲಿ ನಿಂತು ತಿಂದಿಲ್ಲ ಎಂದು ಸುಳ್ಳು ಹೇಳಿದಳು — ರಾಯದುರ್ಗದ ನಮ್ಮ ಓಣಿಯಲ್ಲಿ ಈಗಲೂ ಹೀಗೇ ಹೇಳುತ್ತಾರೆ. ಹೇಳುವವರನ್ನು ತಡೆದು ಕೇಳಬೇಕೆನಿಸುತ್ತದೆ: ತಿಂದವಳಿಗೆ ತಾನು ತಿಂದದ್ದು ಏನೆಂದೇ ಗೊತ್ತಿರದಿದ್ದರೆ ಅದು ಸುಳ್ಳು ಹೇಗಾಯಿತು? ಆದರೆ ಕೇಳುವ ಬಾಯಿ ನನಗಿಲ್ಲ. ಸುಳ್ಳು ಹೇಳಿದ್ದು ನಾನು. ಪ್ರಸಾದವನ್ನು ಅಂಗಡಿಯ ಮಂಡಕ್ಕಿ ಎಂದು ಆಕೆಯ ಕೈಗೆ ಕೊಟ್ಟವಳೂ ನಾನೇ.

ಸಾರಕ್ಕ, ಉಳಿದದ್ದನ್ನು ಈ ಕಾಗದದಲ್ಲಿ ನಿಮಗೇ ಹೇಳುತ್ತೇನೆ.

ನೆನೆದಾಗಲೆಲ್ಲ ನಮ್ಮ ಜೀನ್ಸ್ ಹೊಲಿಯುವ ಯೂನಿಟ್ಟು ನೀರಿನಲ್ಲಿ ಮುಳುಗಿದ ಕೋಣೆಯಂತೆ ಕಾಣುತ್ತದೆ. ಕಿಟಕಿಯ ಬಿಸಿಲಿನಲ್ಲಿ ಬಟ್ಟೆಯ ನೀಲಿ ಧೂಳು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ — ತೇಲುತ್ತಲೇ ಇರುತ್ತದೆ. ನಿಮ್ಮ ಹುಬ್ಬಿನ ಮೇಲೆ ನೀಲಿ, ಬೆವರೊರೆಸಿದ ಸೆರಗಿನಲ್ಲಿ ನೀಲಿ. ನೀವು ಪ್ಯಾಂಟಿಗೆ ಜೇಬು ಕೂಡಿಸುತ್ತಿದ್ದಿರಿ. ನಾನು ಕಾಲೇಜಿನ ರಜೆಗೆ ಬಂದು ಪಕ್ಕದಲ್ಲಿ ಕೂತು ಉಳಿದ ದಾರ ಕತ್ತರಿಸುತ್ತಿದ್ದೆ. ಬಳ್ಳಾರಿಯಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದ ಹುಡುಗಿ. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದರೆ ವಿರೋಧ — ಎರಡನ್ನೂ ಅಷ್ಟೇ ಆವೇಶದಿಂದ ಹೇಳಬಲ್ಲವಳು. ನಿಜ ಎನ್ನುವುದು ಚೀಟಿ ಎತ್ತಿದವರ ಪಾಲಿಗೆ ಬಂದದ್ದು, ಅಷ್ಟೇ ಎಂದುಕೊಂಡಿದ್ದೆ.

ಆಯುಧಪೂಜೆಯ ದಿನ ಎಲ್ಲ ಮೆಷಿನ್‌ಗಳಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಹೂವು ಏರಿಸುತ್ತಿದ್ದರು. ನಿಮ್ಮದೊಂದು ಮಾತ್ರ ಬರಿದಾಗಿ ಹೊಳೆಯುತ್ತಿತ್ತು. ಹಿಂದಿನ ದಿನವೇ ನೀವು ಅದನ್ನು ಒರೆಸಿಟ್ಟು ಹೋಗಿರುತ್ತಿದ್ದಿರಿ, ಪ್ರಸಾದವನ್ನೂ ಮುಟ್ಟುತ್ತಿರಲಿಲ್ಲ. "ಅದನ್ನ ಬಿಡ್ರಿ, ಆಕಿದು ಆಕಿಗೆ" ಎಂದು ಮಾಲೀಕರು ಪ್ರತಿ ವರ್ಷವೂ ಅನ್ನುತ್ತಿದ್ದರು. ಯಾರಿಗೂ ಅದು ದೊಡ್ಡ ವಿಷಯವಾಗಿರಲಿಲ್ಲ — ನನಗೆ ಮಾತ್ರ.

ಆ ವರ್ಷ ಪೂಜೆಗೆ ಎರಡು ದಿನ ಮುಂಚೆ, ನಿಮ್ಮ ಹಿಂದೆ ಕೂತು ಜಿಪ್ ಹಚ್ಚುತ್ತಿದ್ದ ಹನುಮಕ್ಕನೇ ಮಾತು ಎತ್ತಿದ್ದು. "ಎಲ್ಲಾ ದೇವ್ರೂ ಒಂದೇ ಅಲ್ಲೇನ್ರಿ ಸಾರಕ್ಕ? ನಮ್ಮನ್ಯಾಗ ತಿಮ್ಮಪ್ಪನ ಪಕ್ಕದಾಗ ಯೇಸಪ್ಪನ ಫೋಟೋನೂ ಐತಿ. ನಿಮಗ ಯಾಕ ಇಷ್ಟು ಬಿಗಿ?"

"ನಿನ್ ಗೋಡೆ ದೊಡ್ಡದು ಕಣಮ್ಮ," ನೀವು ನಿಮ್ಮ ತವರೂರು ಅಗಳಿಯ ಕಡೆಯ ಮಾತಿನಲ್ಲಿ ನಕ್ಕಿರಿ. "ನಂದ್ರಾಗೆ ಒಂದೇ ಮೊಳೆ."

ನಾನು ನಡುವೆ ಬಾಯಿ ಹಾಕಿದೆ. "ಸಕ್ಕರಿ ಮುಂದ ಮಂತ್ರ ಹೇಳಿದ್ರ ಸಕ್ಕರಿ ಬದಲಾಗ್ತೈತೇನ್ರಿ ಅಕ್ಕ?"

"ಇಲ್ಲ. ಸಕ್ಕರೆ ಬದಲಾಗಲ್ಲ."

"ಮತ್ತ?"

"ನಾನು ಬದಲಾಯ್ತೀನಿ. ಒಬ್ರಿಗೆ ಮಾತು ಕೊಟ್ಟಿದೀನಿ ಕಣಮ್ಮ."

"ನಮ್ಮ ಲಾಯರಮ್ಮ ಸೋತ್ಲು ನೋಡ್ರೀ!" ಹನುಮಕ್ಕ ಕೂಗಿದಳು. ಇಡೀ ಯೂನಿಟ್ಟು ನಕ್ಕಿತು. ನೀವು ನಗಲಿಲ್ಲ, ಮುಂದಿನ ಜೇಬು ಎತ್ತಿಕೊಂಡಿರಿ. ನನಗೆ ಉರಿದದ್ದು ಅದಕ್ಕೇ — ಗೆಲುವಿನ ಗೊಡವೆಯೂ ನಿಮಗಿರಲಿಲ್ಲ.

ಪೂಜೆಯ ಮರುದಿನ ತಟ್ಟೆಯಲ್ಲಿ ಉಳಿದಿದ್ದ ಪ್ರಸಾದ — ಮಂಡಕ್ಕಿ, ಹುರಿಗಡಲೆ, ಬೆಲ್ಲ, ಕೊಬ್ಬರಿ. ಕುಂಕುಮ ತಾಕಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಆ ತಾಳ್ಮೆಯನ್ನು ನೆನೆದರೆ ಈಗ ನನಗೇ ಭಯವಾಗುತ್ತದೆ. ಪೇಪರಿನಲ್ಲಿ ಕಟ್ಟಿ, ಚಹಾ ಹೊತ್ತಿಗೆ ನಿಮ್ಮ ಮುಂದೆ ಬಿಚ್ಚಿದೆ. "ತಗೋರಿ ಅಕ್ಕ, ಅಂಗಡ್ಯಾಗ ತಂದೆ." ನೀವು ತಿಂದು ಮುಗಿಸಿದ ಮೇಲೆ, 'ಈಗ ಹೇಳ್ರಿ, ಏನು ಬದಲಾಯ್ತು?' ಎಂದು ಎಲ್ಲರೆದುರು ಕೇಳುವುದು — ಅದು ನನ್ನ ಯೋಜನೆ.

ನೀವು ಕಣ್ಣು ಮುಚ್ಚಿದಿರಿ. ಏನೇ ತಿನ್ನುವ ಮುಂಚೆಯೂ ಮಾಡುತ್ತಿದ್ದಂತೆ ತುಟಿಯಲ್ಲೇ ಸ್ತೋತ್ರ ಹೇಳಿದಿರಿ. ಆ ಮಂಡಕ್ಕಿಗಾಗಿ. ನನಗಾಗಿಯೂ ಏನೋ ಹೇಳಿದಿರಿ — ನನ್ನ ಹೆಸರು ತುಟಿಯ ಮೇಲೆ ಹಾದದ್ದು ಕಂಡಿತು. ಬಿಸಿಲಿನ ಕೋಲೊಂದು ನಿಮ್ಮ ಮೊಣಕೈ ಮೇಲೆ ಬಿದ್ದಿತ್ತು, ಮೆಷಿನ್‌ಗಳೆಲ್ಲ ನಿಂತಿದ್ದವು, ಯಾವುದೋ ನಿದ್ದೆಯೊಳಗೆ ನಾವಿಬ್ಬರೂ ಕೂತಿದ್ದಂತೆ... "ಕೊಬ್ಬರಿ ಚೆನ್ನಾಗೈತೆ" ಎಂದಿರಿ. ಕೇಳಬೇಕಿದ್ದ ಪ್ರಶ್ನೆ ಕೇಳದೆ ಖಾಲಿ ಪೇಪರನ್ನು ಮಡಚಿದೆ.

ಅಲ್ಲಿಗೇ ನಿಂತಿದ್ದರೆ! ಸಂಜೆ ಹನುಮಕ್ಕನ ಕಿವಿಯಲ್ಲಿ ಉಸುರಿದೆ: ಸಾರಕ್ಕ ಪ್ರಸಾದ ತಿಂದರು. ತಿಂದರು ಎಂದಷ್ಟೇ. ಹೇಗೆ ಎಂದು ಹೇಳಲಿಲ್ಲ. ಗೆಲುವನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮಾತು ಓಣಿ ದಾಟಿ ನಿಮ್ಮ ಪ್ರಾರ್ಥನಾ ಮಂದಿರ ಸೇರಿತು. ಭಾನುವಾರ ಪಾಸ್ಟರ್ ಕೇಳಿದರಂತೆ, ನೀವು ಇಲ್ಲ ಎಂದಿರಂತೆ. ಸೋಮವಾರ ಬೆಳಿಗ್ಗೆ ಮೆಷಿನ್ ಹಚ್ಚುವ ಮೊದಲೇ ನನ್ನ ಬಳಿ ಬಂದಿರಿ.

"ಅವತ್ತು ನೀನು ಕೊಟ್ಟಿದ್ದು ಅಂಗಡೀದೇ ತಾನೆ? ಅಲ್ದಿದ್ರೆ ಹೇಳ್ಬಿಡು, ನಂಗೇನು ಕೋಪ ಇಲ್ಲ. ಗೊತ್ತಿಲ್ದೆ ತಿಂದೆ ಅಂತ ಹೇಳ್ತೀನಿ, ದೇವರಿಗೂ ಅವರಿಗೂ."

ಬಾಗಿಲನ್ನು ಅಷ್ಟು ಅಗಲವಾಗಿ ತೆರೆದು ಹಿಡಿದಿದ್ದಿರಿ. ನಾನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

"ಅಂಗಡೀದ ರೀ, ಅಕ್ಕ."

ನೀವು ತಲೆಯಾಡಿಸಿದಿರಿ. ಮುಂದಿನ ಭಾನುವಾರ ಸಭೆಯೆದುರು ನಿಂತು, ನನ್ನ ಮಾತನ್ನೇ ನಿಮ್ಮ ಮಾತಾಗಿ ಹೇಳಿದಿರಿ. ಯಾರೂ ನಂಬಲಿಲ್ಲ, ಹನುಮಕ್ಕನ ಮಾತು ನಿಮಗಿಂತ ಮೊದಲೇ ಅಲ್ಲಿ ಕೂತಿತ್ತು. ತಿಂದದ್ದನ್ನು ಕ್ಷಮಿಸಬಹುದು, ಸುಳ್ಳು ಹೇಳುವವರ ಕೈಗೆ ಮಕ್ಕಳನ್ನು ಹೇಗೆ ಒಪ್ಪಿಸುವುದು ಎಂದರು. ಭಾನುವಾರ ಅಲ್ಲಿ ಸೇರುವ ಮಕ್ಕಳಿಗೆ ಅಷ್ಟು ವರ್ಷ ಹಾಡು ಕಲಿಸಿದವರು ನೀವು. ಅದು ನಿಂತಿತು. ಕ್ರಿಸ್ಮಸ್ ಕಳೆದದ್ದೇ ಅಗಳಿಯ ತಂಗಿಯ ಮನೆಗೆ ಹೋದಿರಿ. ಹನುಮಕ್ಕ ಅತ್ತಳು. "ಒಂದ್ ಹಿಡಿ ಮಂಡಕ್ಕಿಗೆ ಯಾರಾದ್ರೂ ಊರು ಬಿಡ್ತಾರೇನವ್ವ?" ಎಂದು ನನ್ನನ್ನೇ ಕೇಳಿದಳು. ನನಗೆ ಉತ್ತರ ಗೊತ್ತಿತ್ತು.

ನಾನು ಇವತ್ತಿಗೂ ನಂಬುವವಳಲ್ಲ, ಸಾರಕ್ಕ. ನಿಮ್ಮ ದೇವರ ವಿಷಯಕ್ಕೆ ಈಗಲೂ ನನ್ನಲ್ಲಿ ಹತ್ತು ಪ್ರಶ್ನೆಗಳಿವೆ. ಆದರೆ ನೀವು ಒಬ್ಬರಿಗೆ ಮಾತು ಕೊಟ್ಟು ಉಳಿಸಿಕೊಂಡು ಬಂದಿರಿ. ಅದನ್ನು ನಿಮಗೆ ತಿಳಿಯದಂತೆ ನಾನು ಮುರಿದೆ. ಇದರ ಪರವಾಗಿ ಮಾತಾಡಲು ಹೊರಟರೆ ನನಗೆ ಒಂದು ವಾಕ್ಯವೂ ಸಿಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಹೇಳಿಬಿಡೋಣ ಎಂದು ಮಡಕಶಿರಾದಿಂದ ಬಸ್ಸು ಹಿಡಿದು ಅಗಳಿಗೆ, ನಿಮ್ಮ ತಂಗಿಯ ಮನೆಯವರೆಗೆ ಬಂದಿದ್ದೆ. ತೆರೆದ ಬಾಗಿಲಿನಲ್ಲಿ ಮೆಷಿನ್, ಮೆಷಿನ್ನಿನ ಹಿಂದೆ ನೀವು, ಸೂಜಿಯ ಕೆಳಗೆ ಯಾರದೋ ರವಿಕೆಯ ತೋಳು. ತುಟಿ ಅಲುಗುತ್ತಿತ್ತು — ಹಾಡೋ, ಪ್ರಾರ್ಥನೆಯೋ. ಬೇವಿನ ನೆರಳಿನಲ್ಲಿ ಎಷ್ಟು ಹೊತ್ತು ನಿಂತೆನೋ. ನೀವು ತಲೆ ಎತ್ತಲಿಲ್ಲ. ಬಂದ ಆಟೋ ಹತ್ತಿದೆ. ಅದು ಪಕ್ಕದ ಊರು ಹೇಮಾವತಿಗೆ ಹೋಗುತ್ತಿತ್ತು. ಅಲ್ಲಿಯ ಸಿದ್ದೇಶ್ವರನ ಗುಡಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರೆ ಗಾಳಿಯೆಲ್ಲ ನೀಲಿಯಾಗಿ ತೇಲಿದಂತೆ... ಸಂಜೆಯ ಬಸ್ಸಿಗೆ ಹಾಗೆಯೇ ಮರಳಿದೆ.

ಅಂದು ನನ್ನನ್ನು ತಡೆದದ್ದು ಬರೀ ಹೇಡಿತನ ಎಂದರೆ ಒಪ್ಪುತ್ತೇನೆ. ಆದರೆ ಕಾಲು ಕಟ್ಟಿದ ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ನಿಮ್ಮ ಹೊರತು ಯಾರನ್ನೂ ಕೇಳುವಂತಿಲ್ಲ. ನಾನು ಸಭೆಯಲ್ಲಿ ನಿಂತು ನಿಜ ಹೇಳಿದರೆ ನೀವು ಸುಳ್ಳುಗಾತಿ ಅಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ. ನೀವು ತಿಂದದ್ದು ಪ್ರಸಾದವೇ ಎಂದು ನಿಮಗೂ ತಿಳಿಯುತ್ತದೆ. ಈಗ ಊರಿನವರು ಮಾತ್ರ ನಿಮ್ಮನ್ನು ನಂಬಿಲ್ಲ, ಕೊಟ್ಟ ಮಾತು ಮುರಿದಿಲ್ಲವೆಂದು ನೀವು ನಿಮ್ಮನ್ನು ನಂಬಿದ್ದೀರಿ. ಈ ಕಾಗದವನ್ನು ಅಂಚೆಗೆ ಹಾಕದೆ ಮಡಚಿ ಕೈಯಲ್ಲಿ ಹಿಡಿದಿದ್ದೇನೆ — ಸಾರಕ್ಕ, ನಾನು ಬರಲಾ?