ಖಾಲಿ ಪುಟದ ಕೆಳಗೆ ಹನ್ನೆರಡು ಸಹಿ

ಸುಷಮಾ ಮೇಡಂ ಕೈಯಾರೆ ಕನ್ನಡ ಬಿ.ಎ. ಮುಚ್ಚಿಸಿದರು ಎಂದು ತೆಲುಗು ಸೀಮೆಯ ನಮ್ಮ ಆದೋನಿಯಲ್ಲಿ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ವರ್ಷ ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸಿದವರು ಅವರು. ಮೇ ತಿಂಗಳಲ್ಲಿ ನಾವೆಲ್ಲ ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದರೆ, ಅವರು ಬಸ್ಸು ಹತ್ತಿ ದೇವನಕೊಂಡ, ನಂದವರಂ ಎಂದು ಊರೂರು ತಿರುಗುತ್ತಿದ್ದರು. "ಹುಡುಗೀನ್ನ ಓದಸ್ರಿ, ಆದೋನ್ಯಾಗ ಕನ್ನಡದಾಗ ಡಿಗ್ರಿ ಐತಿ" ಎಂದು ಮನೆಮನೆಗೆ ಹೋಗಿ ಹೇಳುತ್ತಿದ್ದರು. ಕಳೆದ ವರ್ಷ ಹಾಗೆ ಬಂದವಳು ನಂದವರಂನ ಗಂಗೋತ್ರಿ.

ಯಾವ ಕೋರ್ಸು ಇರಬೇಕು, ಯಾವುದು ಬೇಡ ಎಂದು ನಿರ್ಧರಿಸಬೇಕಾದದ್ದು ಅಕಾಡೆಮಿಕ್ ಕೌನ್ಸಿಲ್. ಅಂದರೆ ಪಾಠ ಹೇಳುವ ನಾವು ಹನ್ನೆರಡು ಜನ. ಹೆಸರಿಗೆ ನಾವೇ ಯಜಮಾನರು! ನಡೆಯುವುದೇ ಬೇರೆ. ಅಟೆಂಡರ್ ಆಂಜಿ ಮಿನಿಟ್ಸ್ ಬುಕ್ ಹಿಡಿದು ಬರುತ್ತಾನೆ, ಹಿಂದೆಯೇ ಮಿರ್ಚಿ ಬಜ್ಜಿ ಬರುತ್ತದೆ. ಪುಟ ಖಾಲಿ. ಕೆಳಗೆ ಸಾಲಾಗಿ ಸಹಿ ಹಾಕಿ, ಬಜ್ಜಿ ತಿಂದು ಮನೆಗೆ ಹೋಗುತ್ತೇವೆ. ಆಮೇಲೆ ಪ್ರಿನ್ಸಿಪಾಲ್ ಪಂಚಾಕ್ಷರಯ್ಯನವರು ಮೇಲೆ ಠರಾವು ಬರೆಸುತ್ತಾರೆ. ಓದಿ ಸಹಿ ಹಾಕುತ್ತೇನೆ ಎಂದರೆ ಹಿರಿಯರನ್ನು ನಂಬಲಿಲ್ಲ ಎಂದಾಗುತ್ತದಲ್ಲ! ಆ ಮರ್ಯಾದೆಗೆ ಬೆಂಕಿ ಬೀಳಲಿ. ಸುಷಮಾ ಮೇಡಂ ಕೂಡ ಅದೇ ಮರ್ಯಾದೆಗೆ ಸಹಿ ಹಾಕುತ್ತಾ ಬಂದವರು.

ಜೂನಿನಲ್ಲಿ ನೋಟಿಸ್ ಬೋರ್ಡಿನ ಮೇಲೆ ಕಾಗದ ಬಂತು: ಕನ್ನಡ ಬಿ.ಎ. ರದ್ದು, ಇರುವ ವಿದ್ಯಾರ್ಥಿಗಳು ಬೇರೆ ಕೋರ್ಸಿಗೆ ಸೇರತಕ್ಕದ್ದು, ಇದು ಕೌನ್ಸಿಲ್ಲಿನ ಸರ್ವಾನುಮತದ ತೀರ್ಮಾನ. ಕನ್ನಡದ ಕ್ಲಾಸ್ ರೂಮು ಕಂಪ್ಯೂಟರ್ ಲ್ಯಾಬಿಗೆ ಬೇಕಾಗಿತ್ತಂತೆ.

ಮೇಡಂ ಪ್ರಿನ್ಸಿಪಾಲರ ರೂಮಿಗೆ ನುಗ್ಗಿದರು. ಹಿಂದೆ ನಾವೂ ಹೋದೆವು.

"ಇದು ಯಾವಾಗ ಚರ್ಚೆ ಆತ್ರಿ, ಸಾರ್?"

ಪ್ರಿನ್ಸಿಪಾಲರು ಪುಸ್ತಕ ತೆರೆದು ಬೆರಳಿಟ್ಟರು. "ಇದಿ ಮೀ ಸಂತಕಮೇ ಕದಮ್ಮಾ? ನಿಮ್ದ ಸಹಿ ಐತಲ್ಲ."

"ಸಹಿ ನಂದ. ಪುಟ ಖಾಲಿ ಇತ್ತು." ಮೇಡಂ ನಮ್ಮ ಕಡೆ ತಿರುಗಿದರು. "ಹೇಳ್ರಿ ಯಾರರ. ಖಾಲಿ ಇತ್ತಿಲ್ಲೋ?"

ಹನ್ನೊಂದು ಜನ ನಿಂತಿದ್ದೆವು. ಒಬ್ಬರು ಫೋನು ತೆಗೆದರು, ಒಬ್ಬರು ಕನ್ನಡಕ ಒರೆಸತೊಡಗಿದರು. ಕಾಮರ್ಸ್ ಹೇಳಿಕೊಡುವ ತಿಪ್ಪೇಶ, ಅಂದರೆ ನಾನು, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಮೇಡಂಗೆ ಈಗ ಲೈಬ್ರರಿಯ ಕೆಲಸ. ಗಂಗೋತ್ರಿ ನನ್ನ ಬಿ.ಕಾಂ. ಕ್ಲಾಸಿನಲ್ಲಿ ಕೂರುತ್ತಾಳೆ. ಲೈಬ್ರರಿಗೆ ಹೋದರೂ ಅವಳು ಮೇಡಂನ ಮುಖ ನೋಡುವುದಿಲ್ಲ ಎಂದು ಕೇಳಿದ್ದೆ. ಮೊನ್ನೆ ಹಾಜರಿ ಕೂಗುವಾಗ ಅವಳೇ ಎದ್ದು ನಿಂತಳು.

"ಸರ್, ನಮ್ಮ ಮನಿಗೆ ಬಂದು ನನ್ನ ಕರಕೊಂಡು ಬಂದಾಕಿ ತಾನ ಕೋರ್ಸ್ ಮುಚ್ಚಾಕ ಸಹಿ ಹಾಕ್ಯಾಳಂತ. ಖರೇನ್ರಿ?"

ಇನ್ನು ತಡೆಯಲಾಗಲಿಲ್ಲ. "ಪುಟ ಖಾಲಿ ಇತ್ತವ್ವ. ಮ್ಯಾಲೆ ಏನ್ ಬರೀತಾರಂತ ಆಕಿಗೆ ಗೊತ್ತಿದ್ದಿಲ್ಲ. ನಾವೆಲ್ಲಾರೂ ಹಂಗ ಹಾಕೀವಿ. ನಾನೂ ಹಾಕೀನಿ."

ಅವಳ ಕಣ್ಣು ತುಂಬಿತು. "ಮತ್ತ ಅವತ್ತ ಯಾಕ ಹೇಳಲಿಲ್ರಿ, ಸರ್?"

ಅರವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಆ ಕ್ಲಾಸಿನಲ್ಲಿ ಕ್ಯಾಲೆಂಡರ್ ಇರಲಿಲ್ಲ.