ಅವನು ಹಾಜರಿರಲಿಲ್ಲ

ಎಪ್ಪತ್ತಮೂರನೇ ಇಸವಿಯ ಮಾಘ ಮಾಸ, ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲು. ಮುನ್ಸೀಫ್ ಕೋರ್ಟಿನ ಬಾಗಿಲಲ್ಲಿ ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಜಗುಲಿಯ ಮೇಲೆ ಇಟ್ಟು ನಿಂತಿದ್ದೆ. ಕಕ್ಷಿದಾರರ ಹೆಸರು ಕೂಗುವ ಜವಾನ ನಾನು. ಅಲ್ಲಿ ನಿಂತು ಒಂದು ಸುಳ್ಳು ಹೇಳಿದೆ, ಮಾಳಕ್ಕ. ನಿನ್ನ ದಾವೆ ಸತ್ತದ್ದು ಆ ಸುಳ್ಳಿನಿಂದ — ನಿನ್ನ ವಕೀಲರಿಂದಲ್ಲ, ನಿನ್ನ ಹಣೆಬರಹದಿಂದಲೂ ಅಲ್ಲ.

ವಾದಿ ಮಾಳಮ್ಮ ಎಂದು ಮೂರು ಸಲ ಕೂಗಿದೆ. ಪ್ರತಿವಾದಿ ಸಿದ್ದಪ್ಪ ಎಂದು ಮೂರು ಸಲ ಕೂಗಿದೆ. ಯಾರೂ ಓಗೊಡಲಿಲ್ಲ. ಇಬ್ಬರ ವಕೀಲರೂ ಆ ದಿನ ಚಿತ್ರದುರ್ಗಕ್ಕೆ ಹೋಗಿದ್ದರು. ಮುನ್ಸೀಫರು ಕಡತದಿಂದ ತಲೆ ಎತ್ತದೆ, "ಪ್ರತಿವಾದಿ?" ಎಂದರು.

"ಹಾಜರಿದಾರೆ ಸ್ವಾಮಿ," ಎಂದೆ.

ಗುಮಾಸ್ತೆ ರಂಗಣ್ಣನವರು ಬರಿದಾದ ಜಗುಲಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬರೆದುಕೊಂಡರು.

ಸಿದ್ದಪ್ಪ ನಿನ್ನ ಗಂಡನ ಅಣ್ಣ. ಗಂಡ ಸತ್ತ ಮೇಲೆ ನಿನ್ನ ಕುರಿಹಟ್ಟಿಯ ಎರಡೆಕರೆಗೆ ಬೇಲಿ ಹಾಕಿಕೊಂಡವನು. ನನಗೆ — ತಂಗಿ ಗಂಗಮ್ಮನ ಮಾವ. ಹಿಂದಿನ ವಾರದ ಸಂತೆಯಲ್ಲಿ ಸಿಕ್ಕಿ ಹೇಳಿದ್ದ: "ಸೋಮವಾರ ನಿನ್ ತಂಗೀನ ಬಾಣಂತನಕ್ಕೆ ಕರ್ಕಂಡ್ ಬರ್ತೀನಿ. ಬಸ್ಸು ತಡ ಆದ್ರೆ ನಾನು ಬಂದೀನಿ ಅಂತ ಕೋರ್ಟಿಗೆ ಹೇಳ್ಬಿಡು. ಇಲ್ಲಾಂದ್ರೆ ನಿಮ್ಮನೇಲಿ ಬಿಟ್ಟೋಳ್ನ ವಾಪಸ್ ಕರ್ಕಣಾಕೆ ಬರಲ್ಲ, ನೀನೇ ಸಾಕ್ಕೋ. ಅಣ್ಣ ಕೋರ್ಟಿನಾಗೆ ಅದಾನೆ ಅಂತ ನಿಮ್ಮನೇಲಿ ಹೆಣ್ಣು ತಂದದ್ದು, ನಿನ್ ಮೀಸೆ ನೋಡಿ ತಂದ್ವೇನು?" ನಾನು ನಕ್ಕೆ. ಆ ನಗು ಇವತ್ತಿಗೂ —

ಧರ್ಮಪುರದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಹನ್ನೆರಡೂವರೆಗೆ ನೀನು ಏದುಸಿರು ಬಿಡುತ್ತ ಬಂದೆ. "ನಾನೂ ಸಿದ್ದಪ್ಪನೂ ಒಂದೇ ಬಸ್ಸಿನಾಗಿದ್ವಿ ಕಣಪ್ಪ, ಈಗ್ಲೇ ಇಳಿದ್ವಿ. ನನ್ ಕೇಸ್ ಏನಾತು?"

ಹಳ್ಳಿಯವರು ವಕೀಲರಿಗಿಂತ ಮೊದಲು ಜವಾನನನ್ನೇ ಕೇಳುತ್ತಾರೆ. ನಮ್ಮ ಮಾತು ಅವರಿಗೆ ಅರ್ಥವಾಗುತ್ತದೆ, ಅದಕ್ಕೇ ನಂಬುತ್ತಾರೆ.

"ವಜಾ ಆತು ಮಾಳಕ್ಕ. ಇಬ್ರೂ ಇರ್ಲಿಲ್ಲಲ್ಲ, ಮತ್ತೆ ಹೊಸದು ಹಾಕ್ಬಹುದು. ಅವಸರ ಇಲ್ಲ. ಮಂದೆ ಹೊಡ್ಕಂಡ್ ಹೋಗಿ ನಿಧಾನಕ್ಕೆ ಬಾ."

"ನಿನ್ ಹೊಟ್ಟೆ ತಣ್ಣಗಿರ್ಲಿ," ಎಂದು ನೀನು ಹೋದೆ.

ಕಾನೂನು ಹಾಗೆಯೇ ಇದೆ. ಇಬ್ಬರೂ ಬಾರದೆ ವಜಾ ಆದರೆ ಕಾಲಮಿತಿಯೊಳಗೆ ಹೊಸ ದಾವೆ ಹಾಕಬಹುದು. ಆದರೆ ಪ್ರತಿವಾದಿ ಬಂದು ವಾದಿ ಮಾತ್ರ ಬಾರದೆ ವಜಾ ಆದರೆ, ಅದೇ ತಕರಾರಿಗೆ ಎರಡನೇ ದಾವೆ ಇಲ್ಲ. ಮೂವತ್ತು ದಿನದೊಳಗೆ ಬಂದು, ಬಾರದಿದ್ದಕ್ಕೆ ಕಾರಣ ತೋರಿಸಿ, ವಜಾ ರದ್ದು ಮಾಡಿ ಎಂದು ಕೇಳಿಕೊಳ್ಳಬೇಕು. ಬಸ್ಸು ಕೆಟ್ಟದ್ದು ಒಳ್ಳೆಯ ಕಾರಣವೇ ಆಗಿತ್ತು. ಹನ್ನೊಂದು ವರ್ಷ ಆ ಬಾಗಿಲಲ್ಲಿ ನಿಂತವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿನಗೆ 'ಅವಸರ ಇಲ್ಲ' ಎನ್ನುವಾಗಲೂ ಗೊತ್ತಿತ್ತು. ಆ ಮೂವತ್ತು ದಿನವನ್ನು ನಾನೇ ಕಸಿದುಕೊಂಡೆ.

ನೀನು ಹೊಲಹೊಲಗಳಲ್ಲಿ ಗೊಬ್ಬರಕ್ಕೆ ಕುರಿಮಂದೆ ತರುಬಿ, ನಾಲ್ಕು ತಿಂಗಳ ಮೇಲೆ ಬಂದು ಹೊಸ ದಾವೆ ಹಾಕಿಸಿದೆ. ಹಳೆಯ ಕಡತ ತೆಗೆದರು: ಪ್ರತಿವಾದಿ ಹಾಜರು, ವಾದಿ ಗೈರುಹಾಜರು. "ಅವ್ನು ನನ್ ಜತೆ ಬಸ್ಸಿನಾಗಿದ್ದ ಸ್ವಾಮಿ! ಈ ಅಪ್ಪನ್ನೇ ಕೇಳ್ರಿ," ಎಂದು ನೀನು ನನ್ನ ಕಡೆ ಕೈ ತೋರಿಸಿದೆ. ಮುನ್ಸೀಫರು ಕೇಳಿಯೂ ಕೇಳಿದರು.

"ನೆನಪಿಲ್ಲ ಸ್ವಾಮಿ," ಎಂದೆ.

ಹೊಸ ದಾವೆಯೂ ವಜಾ ಆಗಿ ಆರು ವರ್ಷವಾಯಿತು. ಕೂಡಿಹಾಕಲು ಜಾಗವಿಲ್ಲದೆ ನೀನು ಕುರಿಗಳನ್ನೆಲ್ಲ ಮಾರಿದೆ. ಈಗ ಕಂಡವರ ಹೊಲದಲ್ಲಿ ಕಡಲೆಕಾಯಿ ಕೀಳುತ್ತೀಯ. ಹಿರಿಯೂರು ಸಂತೆಯಲ್ಲಿ ಕಂಡರೆ, "ಚೆನ್ನಾಗಿದೀಯೇನಪ್ಪ?" ಎಂದು ನೀನೇ ಮಾತನಾಡಿಸುತ್ತೀಯ. ನಾನು ನಿಜವಾಗಿಯೂ ಮರೆತೆನೆಂದು ನಂಬಿದ್ದೀಯ, ಮಾಳಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು — ಆಗುವುದಿಲ್ಲ.

ನಾಳೆ ಚಿತ್ರದುರ್ಗಕ್ಕೆ ಹೋಗಿ ಇದನ್ನು ಪ್ರಮಾಣ ಮಾಡಿ ಬರೆದುಕೊಡುತ್ತೇನೆ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಇದರಿಂದ ನಿನ್ನ ದಾವೆಗೆ ಮತ್ತೆ ಜೀವ ಬರುತ್ತದೆಯೋ ಇಲ್ಲವೋ ತಿಳಿಯದು. ನನ್ನನ್ನು ಕೇಳಬೇಡ. ನನ್ನ ಮಾತು ನಂಬಿ ಇನ್ನೊಂದು ದಿನವೂ ಕಾಯಬೇಡ.

ನಾನೊಬ್ಬ ಹೇಳಿದರೆ ಸಾಲದು ಅನ್ನುತ್ತಾರೆ. ಬಸ್ಸಿನ ಕಂಡಕ್ಟರ್ ತೀರಿಕೊಂಡ. ರಂಗಣ್ಣನವರು ನಿವೃತ್ತರಾಗಿ ಹೊಸದುರ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಖಾಲಿ ಜಗುಲಿ ನೋಡಿದವರು ಅವರು. ಇನ್ನೊಬ್ಬಳಿದ್ದಾಳೆ. ಆ ಹೊತ್ತಿಗೆ ಕೆಟ್ಟು ನಿಂತ ಬಸ್ಸಿನಲ್ಲಿ, ಸಿದ್ದಪ್ಪನ ಪಕ್ಕದಲ್ಲಿ, ತುಂಬಿದ ಬಸುರಿ ಕುಳಿತಿದ್ದಳು — ನನ್ನ ತಂಗಿ ಗಂಗಮ್ಮ. ಬದುಕಿದ್ದಾಳೆ. ಇವತ್ತಿಗೂ ಸಿದ್ದಪ್ಪನ ಮನೆಯಲ್ಲೇ ಇದ್ದಾಳೆ.