ಮಾವ ಬಸ್ಸಿಗೆ ಹಾಕಿದ ಉಣ್ಣೆ

ಬೇವೂರಿನ ಸೋದರಮಾವನನ್ನು ನಾನು ಕಳ್ಳ ಎಂದೆನೋ ಇಲ್ಲವೋ, ಇಂದಿಗೂ ಖಚಿತವಿಲ್ಲ. ಅನ್ನಲಿಲ್ಲ ಎನ್ನುತ್ತದೆ ನನ್ನ ನೆನಪು. ಆದರೆ ಅದು ನನ್ನದೇ ನೆನಪು, ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಅಂದೆ ಎನ್ನುತ್ತಾಳೆ ಅತ್ತೆ.

ಆಗ ಕೊಪ್ಪಳ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷವಾಗಿರಬೇಕು. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಕಂಬಳಿ ನೇಯುವ ಮನೆಗಳಲ್ಲಿ ನೂಲುವಾಗ ಉದುರುವ ತುಂಡು ಉಣ್ಣೆಯನ್ನು ಗುಡಿಸಿ ಚೆಲ್ಲುತ್ತಾರೆ. ಅದರ ತುಂಬ ಕೆರಾಟಿನ್ ಎಂಬ ಪ್ರೋಟೀನ್. ಕರಗಿಸಿ, ಸೋಸಿ, ಗಾಜಿನ ತಟ್ಟೆಯಲ್ಲಿ ಒಣಗಿಸಿದರೆ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ಪೊರೆ ಬರುತ್ತದೆ. ಅದು ಸುಟ್ಟ ಗಾಯಕ್ಕೆ ಹೊದಿಸಲು ಆದೀತೇ ಎಂಬುದು ನನ್ನ ಪ್ರಶ್ನೆ.

ಮೊದಲ ಚೀಲವನ್ನು ಮಾವನ ಪಡಸಾಲೆಯಲ್ಲಿ ನಾನೇ ಗುಡಿಸಿ ತುಂಬಿಕೊಂಡೆ. ಕರಿ ಉಣ್ಣೆಯಾದ್ದರಿಂದ ಪೊರೆ ಚಹಾದ ಬಣ್ಣಕ್ಕೆ ಬಂತು, ಮಡಿಸಿದರೂ ಮುರಿಯಲಿಲ್ಲ. ಎರಡನೆಯ ಚೀಲವನ್ನು ಮಾವ ಬಸ್ಸಿಗೆ ಹಾಕಿ ಕಳಿಸಿದ. ಆ ಉಣ್ಣೆ ನೀರಿಗೆ ಬಿದ್ದೊಡನೆ ಲೋಳೆಯಾಯಿತು. ಪೊರೆ ಮಬ್ಬಾಗಿ, ನಾಲ್ಕೇ ದಿನದಲ್ಲಿ ಬೂಸು ಹಿಡಿಯಿತು. ಮಾರ್ಗದರ್ಶಕರು ಮೂಸಿ ನೋಡಿ, "ಮಾಲು ಬೆರಕೆ ಆಗೇತಿ. ಇನ್ನೊಮ್ಮೆ ಹಿಂಗಾದ್ರ ವಿಷಯ ಬದಲಿಸು" ಎಂದರು.

ಬೆರಕೆ ಎಂಬ ಮಾತು ತಲೆಯಲ್ಲಿ ಕೂತಿತು. ಕಸಕ್ಕೆ ಗಿರಾಕಿ ಸಿಕ್ಕ ಹುರುಪಿನಲ್ಲಿ ಮಾವ ಹಳೆ ಕಂಬಳಿ ಹರಿದು ತುಂಬಿರಬೇಕು ಎನಿಸಿತು. ಹೇಳದೆ ಕೇಳದೆ ಬೇವೂರಿಗೆ ಹೋದೆ. ಮಾವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಕಟ್ಟೆಯ ಮೇಲೆ ಪಕ್ಕದ ಮನೆಯ ಇಬ್ಬರಿದ್ದರು, ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಮೂಲೆಯಲ್ಲಿ ನನಗಾಗಿ ಕಟ್ಟಿಟ್ಟ ಇನ್ನೊಂದು ಚೀಲವಿತ್ತು. ಅದನ್ನು ಎಲ್ಲರೆದುರು ನೆಲಕ್ಕೆ ಸುರಿದೆ. ಬಾಚಿ ಕಟ್ಟಿದ ಸಣ್ಣ ಸಣ್ಣ ಪೆಂಡಿಗಳು. ಕಸ ಇಷ್ಟು ಓರಣವಾಗಿರುತ್ತದೆಯೇ? ನನ್ನ ಸಂಶಯ ಗಟ್ಟಿಯಾಯಿತು.

"ಇದು ನಿಮ್ಮನಿ ಕಸ ಅಲ್ಲ ಬಿಡು, ಮಾವ."

"ಮತ್ಯಾರ ಮನೀದು?"

"ನೀನ ಹೇಳು. ಹಳೇ ಕಂಬಳಿ ಹರದಿಯೇನು?"

ಕಟ್ಟೆಯ ಮೇಲಿದ್ದವನೊಬ್ಬ, "ಏ, ನಿನ್ನ ಅಳಿಯ ಉಣ್ಣಿ ಪೊಲೀಸ ಆಗ್ಯಾನಲ್ಲೋ" ಎಂದು ನಕ್ಕ. ಮಾವ ನಗಲಿಲ್ಲ.

"ಸಾಲಿ ಭಾಳ ಕಲ್ತೀಯಪಾ. ನಾ ಯಾತರಾಗ ಮೋಸ ಮಾಡೇನಿ, ನೋಡಿ ಹೇಳು."

ಅದಕ್ಕೆ ನಾನು ಏನೋ ಅಂದೆ. ಏನಂದೆ ಎಂಬುದೇ ಹೋಗಿದೆ. ಮಾವ ಲಾಳಿ ಎತ್ತಿಕೊಂಡು ನೇಯತೊಡಗಿದ. ಆಮೇಲೆ ನನ್ನೊಡನೆ ಮಾತಾಡಲಿಲ್ಲ. ನಾನೂ ಸಂಶೋಧನೆಯ ವಿಷಯ ಬದಲಿಸಿದೆ.

ಮರುವರ್ಷ ಕುಷ್ಟಗಿಯ ಮದುವೆಯೊಂದರಲ್ಲಿ ಅತ್ತೆ ಊಟದ ಎಲೆಯ ಮುಂದೆಯೇ ನನ್ನನ್ನು ಹಿಡಿದಳು.

"ಕಳ್ಳ ಅಂದ್ಯಲ್ಲೋ ಅವನಿಗೆ. ಯೂನಿವರ್ಸಿಟಿಗಿ ಕಸ ಕಳಿಸಿದ್ರ ದೊಡ್ಡವ್ರು ಏನಂದಾರು ಅಂತ, ಹುಣಸಿ ಬೀಜದ ಗಂಜಿ ಕಾಸಿ, ನೂಲಿಗಿ ಹಚ್ಚಿದಂಗ ಹಚ್ಚಿ, ಒಣಗಿಸಿ, ಬಾಚಿ ಕೊಟ್ಟಾನ. ಎರಡ ದಿನ ಮಗ್ಗ ನಿಂತಿತ್ತು."

ಕಂಬಳಿಯ ನೂಲಿಗೆ ಬಿಗಿ ಬರಲೆಂದು ನೇಯುವ ಮೊದಲು ಆ ಗಂಜಿ ಹಚ್ಚುವುದನ್ನು ನಾನು ಚಿಕ್ಕಂದಿನಿಂದ ಕಂಡವನು. ಒಗೆದೊಗೆದು ಹಳೆಯದಾದ ಕಂಬಳಿಯಲ್ಲಿ ಅದು ಉಳಿದಿರುವುದಿಲ್ಲ. ಕಸಕ್ಕೂ ಹಚ್ಚಿಯಾರು ಎಂದು ಹೊಳೆದಿರಲಿಲ್ಲ. ಆದರೂ ಅತ್ತೆಯನ್ನು ನಂಬಲಿಲ್ಲ. ಗಂಡನ ಪರ ಕಟ್ಟಿದ ಕತೆಯಿರಬಹುದು.

ಪ್ರಯೋಗಾಲಯದಲ್ಲಿ ಎರಡೂ ಚೀಲದ ಉಣ್ಣೆ ಅಷ್ಟಷ್ಟು ಉಳಿದಿತ್ತು. ಬೇರೆ ಬೇರೆ ಕುದಿಸಿದೆ. ಹುಣಸೆ ಬೀಜದ ಗಂಜಿಯನ್ನೂ ಕಾಸಿದೆ. ಮೂರಕ್ಕೂ ಅಯೋಡಿನ್ ಹನಿಸಿದೆ. ನಾನು ಗುಡಿಸಿ ತಂದ ಉಣ್ಣೆಯ ನೀರು ಹಳದಿಯಾಗಿಯೇ ಉಳಿಯಿತು. ಗಂಜಿ ಹಸಿರುಗಪ್ಪು ನೀಲಿಗೆ ತಿರುಗಿತು. ಮಾವ ಕಳಿಸಿದ ಉಣ್ಣೆಯ ನೀರೂ ಅದೇ ನೀಲಿಗೆ ತಿರುಗಿತು.